ಸ್ಪ್ರೂಸ್ ಮರ ಕಡಿಯೋದು ಯಾವಾಗ? 1849ರ ಸೂತ್ರ, ಬಡ್ಡಿ ದರ ಮತ್ತು ಒಂದು ಪುಟ್ಟ ದುಂಬಿ

ಇವತ್ತಿನ ಮಾತು ಮರದ ಬಗ್ಗೆ. ಪರಿಸರ ದಿನದ ಭಾಷಣ ಮಾಡಲ್ಲ, ಹೆದರ್ಬೇಡಿ. ಚಕ್ರಬಡ್ಡಿ, ಪ್ರೆಸೆಂಟ್ ವ್ಯಾಲ್ಯೂ, ರಿಸ್ಕ್. ಬಿಕಾಂ ಮಾಡಿದವರಿಗೆಲ್ಲ ಪರಿಚಯ ಇರೋ ಈ ಮೂರು ಪದಗಳು ಒಂದು ಕಾಡಿನೊಳಗೆ ಹೋದ್ರೆ ಏನಾಗುತ್ತೆ ಅನ್ನೋದು ಇವತ್ತಿನ ಕಥೆ. ಕಾಡು ಇರೋದು ಜರ್ಮನಿಯಲ್ಲಿ.

ಹೀಗೆ ಊಹಿಸ್ಕೊಳ್ಳಿ. ನೀವು ಅಲ್ಲಿಯ ಒಬ್ಬ ಸಾಧಾರಣ ಜಮೀನುದಾರ. ನಿಮ್ಮ ಹತ್ರ ಒಂದು ಹೆಕ್ಟೇರ್, ಅಂದ್ರೆ ಸುಮಾರು ಎರಡೂವರೆ ಎಕರೆ, ಸ್ಪ್ರೂಸ್ ಕಾಡಿದೆ. ಜರ್ಮನಿಯ ಅರಣ್ಯದಲ್ಲಿ ಸುಮಾರು ಅರ್ಧ ಖಾಸಗಿಯವರದ್ದೇ, ಹಾಗಾಗಿ ಇದೇನು ವಿಚಿತ್ರ ಅಲ್ಲ. ಗಿಡ ನೆಟ್ಟಿದ್ದು ನಿಮ್ಮ ಅಜ್ಜ. ಈಗ ಮರಕ್ಕೆ 50 ವರ್ಷ. ಇವತ್ತೇ ಕಡಿದು ದುಡ್ಡು ತಗೊಳ್ಳಬೇಕಾ, ಇನ್ನೊಂದು 30 ವರ್ಷ ಬಿಡಬೇಕಾ? ಬಿಟ್ರೆ ಮರ ಇನ್ನೂ ದಪ್ಪ ಆಗುತ್ತೆ, ಸರಿ. ಆದ್ರೆ ಕಡಿದು ಬಂದ ದುಡ್ಡನ್ನ ಬ್ಯಾಂಕಿನಲ್ಲಿಟ್ರೂ ಅದು ಬೆಳೆಯುತ್ತೆ. ಯಾವುದು ಜಾಸ್ತಿ ಬೆಳೆಯುತ್ತೆ?

ಈ ಪ್ರಶ್ನೆಗೆ ಉತ್ತರ ಕೊಡೋಕೆ ಜರ್ಮನ್ನರು ಇನ್ನೂರು ವರ್ಷದಿಂದ ಗಣಿತ ಮಾಡ್ತಾ ಬಂದಿದ್ದಾರೆ. ಮೊದಲು ಹೇಳಬೇಕಾದ್ದು, ಇದೆಲ್ಲ ಶುರುವಾಗಿದ್ದು ಸೌದೆ ಕೊರತೆಯ ಭಯದಿಂದ. ಸ್ಯಾಕ್ಸನಿ ಪ್ರಾಂತ್ಯದಲ್ಲಿ ಬೆಳ್ಳಿ ಗಣಿಗಳಿದ್ದವು. ಗಣಿಗೆ ಆಸರೆ ಕಂಬ ಬೇಕು, ಅದಿರು ಕರಗಿಸೋಕೆ ಇದ್ದಿಲು ಬೇಕು, ಎರಡಕ್ಕೂ ಮರವೇ. ಅಲ್ಲಿಯ ಗಣಿ ಆಡಳಿತದ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಒಂದು ದಪ್ಪ ಪುಸ್ತಕ ಬರೆದು, ಬೆಳೆದಷ್ಟೇ ಕಡಿಯಿರಿ ಎಂದು ವಾದಿಸಿದ. ಇವತ್ತು ಎಲ್ಲ ಕಂಪನಿಗಳ ವಾರ್ಷಿಕ ವರದಿಯಲ್ಲೂ ಕಾಣೋ ‘ಸಸ್ಟೈನಬಿಲಿಟಿ’ ಅನ್ನೋ ಪದದ ಮೂಲವನ್ನು ಬಹಳಷ್ಟು ಜನ ಆ ಪುಸ್ತಕದಲ್ಲೇ ಗುರುತಿಸುತ್ತಾರೆ. ಬೆಳೆದಷ್ಟೇ ಕಡಿಯಬೇಕು, ಒಪ್ಪೋಣ. ಆದ್ರೆ ಎಷ್ಟು ಬೆಳೀತು ಅಂತ ಗೊತ್ತಾಗೋದು ಹೇಗೆ?

ಇಲ್ಲಿ ಕೋನಿಫರ್ ಮರಗಳು, ಸ್ಕೂಲಲ್ಲಿ ಸೂಚಿಪರ್ಣಿ ಅಂತ ಓದಿರ್ತೀರಲ್ಲ, ಪೈನ್, ಫರ್, ಸ್ಪ್ರೂಸ್, ಇವು ಗಣಿತಕ್ಕೆ ಹೇಳಿ ಮಾಡಿಸಿದಂಥವು. ನಮ್ಮ ಆಲದ ಮರಕ್ಕೆ ಸೂತ್ರ ಬರೆಯೋಕೆ ಕೂತ್ಕೊಳ್ಳಿ, ಸಂಜೆಯೊಳಗೆ ಪೆನ್ನು ಬಿಸಾಕ್ತೀರಿ. ಸ್ಪ್ರೂಸ್ ಹಾಗಲ್ಲ. ಒಂದೇ ನೇರ ಕಾಂಡ, ವರ್ಷಕ್ಕೆ ಒಂದು ಸುತ್ತು ಕೊಂಬೆ, ಕಾಂಡದೊಳಗೆ ವರ್ಷಕ್ಕೊಂದು ಸ್ಪಷ್ಟ ಉಂಗುರ. ಇಡೀ ತೋಪನ್ನು ಒಂದೇ ವರ್ಷ ನೆಟ್ಟಿರ್ತಾರೆ, ಎಲ್ಲ ಮರಕ್ಕೂ ಒಂದೇ ವಯಸ್ಸು. ಒಂದು ಮರದಲ್ಲಿ ಎಷ್ಟು ನಾಟಾ ಇದೆ ಅಂತ ತಿಳಿಯೋಕೆ ಎದೆ ಎತ್ತರದಲ್ಲಿ, ಅಂದ್ರೆ ನೆಲದಿಂದ 1.3 ಮೀಟರ್ ಮೇಲೆ, ಅಡ್ಡಳತೆ ತಗೋತಾರೆ. 30 ಸೆಂಟಿಮೀಟರ್ ಬಂತು ಅನ್ನಿ. ಎತ್ತರ 25 ಮೀಟರ್. ಮರ ಪೂರ್ತಿ ಸಿಲಿಂಡರ್ ಆಗಿದ್ರೆ 1.77 ಘನ ಮೀಟರ್ ಬರಬೇಕು. ಆದ್ರೆ ಮೇಲೆ ಹೋಗ್ತಾ ಹೋಗ್ತಾ ಸಣ್ಣ ಆಗುತ್ತಲ್ಲ, ಅದಕ್ಕೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರೋ ಒಂದು ಸಂಖ್ಯೆಯಿಂದ ಗುಣಿಸ್ತಾರೆ. ಸುಮಾರು 0.8 ಘನ ಮೀಟರ್. ನಮ್ಮ ಸಾಮಿಲ್ ಲೆಕ್ಕದಲ್ಲಿ 28 ಸಿಎಫ್‌ಟಿ.

ಹೀಗೆ ಸಾವಿರಾರು ಮರ ಅಳೆದು, ವಯಸ್ಸಿಗೆ ತಕ್ಕಂತೆ ಸಾಲಾಗಿ ಬರೆದಿಟ್ಟಿದ್ದೇ ಇಳುವರಿ ಪಟ್ಟಿ. ಯೀಲ್ಡ್ ಟೇಬಲ್. ಸುಮ್ಮನೆ ನಮ್ಮ ಲಾಗರಿದಂ ಪುಸ್ತಕದ ಥರ ಕಾಣುತ್ತೆ. ಎಡಗಡೆ ವಯಸ್ಸು, ಪಕ್ಕದಲ್ಲಿ ಎತ್ತರ, ಹೆಕ್ಟೇರಿಗೆ ಎಷ್ಟು ಮರ, ಎಷ್ಟು ಘನ ಮೀಟರ್. 1872ರಲ್ಲಿ ಜರ್ಮನ್ ಅರಣ್ಯ ಸಂಶೋಧನಾ ಕೇಂದ್ರಗಳು ಸೇರಿ ಒಂದು ಸಂಘ ಮಾಡಿಕೊಂಡವು, ಎಲ್ಲರೂ ಒಂದೇ ರೀತಿ ಅಳೆಯೋಣ ಅಂತ. ಆಗ ಗುರುತು ಹಾಕಿದ ಕೆಲವು ಪ್ಲಾಟುಗಳನ್ನು ಈಗಲೂ ಅಳೀತಾರೆ. ನೂರೈವತ್ತು ವರ್ಷ ಒಂದೇ ಜಾಗಕ್ಕೆ ಟೇಪ್ ಹಿಡ್ಕೊಂಡು ಹೋಗೋದು! ಆಡಿಟ್‌ನಲ್ಲಿ ಇಂಥ ಶಿಸ್ತು ಸಿಕ್ಕಿದ್ರೆ ಎಷ್ಟೋ ಬ್ಯಾಂಕು ಉಳೀತಿತ್ತು.

ಒಂದು ಜಾಣ ಉಪಾಯ ಹೇಳ್ಲೇಬೇಕು. ಜಾಗ ಫಲವತ್ತಾಗಿದೆಯೋ ಇಲ್ವೋ ಅಂತ ತಿಳಿಯೋಕೆ ಮಣ್ಣು ಪರೀಕ್ಷೆ ಮಾಡೋ ಬದಲು ಮರವನ್ನೇ ಕೇಳ್ತಾರೆ. ತೋಪಿನ ದೊಡ್ಡ ಮರಗಳ ಎತ್ತರ ನೋಡೋದು. ಮರಗಳನ್ನು ಒತ್ತೊತ್ತಾಗಿ ನೆಟ್ರೂ, ಅಂತರ ಬಿಟ್ಟು ನೆಟ್ರೂ ದಪ್ಪ ಬದಲಾಗುತ್ತೆ, ಎತ್ತರ ಅಷ್ಟಾಗಿ ಬದಲಾಗಲ್ಲ. ಹಾಗಾಗಿ ಒಂದು ವಯಸ್ಸಿಗೆ ಇಷ್ಟು ಎತ್ತರ ಅಂದ್ರೆ ಇಷ್ಟು ಒಳ್ಳೆ ಜಾಗ. 1904ರ ಹೊತ್ತಿಗೆ ಐಕ್‌ಹಾರ್ನ್ ಅನ್ನೋ ಅರಣ್ಯಶಾಸ್ತ್ರಜ್ಞ, ಎತ್ತರ ಒಂದು ಗೊತ್ತಾದ್ರೆ ತೋಪಿನ ನಾಟಾ ಎಷ್ಟು ಅಂತ ಹೆಚ್ಚುಕಡಿಮೆ ಹೇಳಬಹುದು ಎಂದು ಸಿಲ್ವರ್ ಫರ್ ಮರಗಳ ಲೆಕ್ಕದಿಂದ ತೋರಿಸಿದ. ಬ್ರಿಟನ್ನಿನಲ್ಲಿ ಇವತ್ತಿಗೂ ಸಿಟ್ಕಾ ಸ್ಪ್ರೂಸ್ ತೋಟಗಳನ್ನು ಹೀಗೇ ‘ಯೀಲ್ಡ್ ಕ್ಲಾಸ್’ ಅಂತ ವಿಂಗಡಿಸ್ತಾರೆ. ಕ್ಲಾಸ್ 14 ಅಂದ್ರೆ ಆ ಜಾಗ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 14 ಘನ ಮೀಟರ್ ಕೊಡಬಲ್ಲದು.

ಈಗ ನಿಮ್ಮ ಹೆಕ್ಟೇರಿಗೆ ಬರೋಣ. ಲೆಕ್ಕ ಸುಲಭ ಆಗಲಿ ಅಂತ ನಾನೇ ಮಾಡಿಕೊಂಡ ಸಂಖ್ಯೆಗಳು ಇವು, ಯಾವ ಪಟ್ಟಿಯಿಂದಲೂ ತಗೊಂಡಿಲ್ಲ. ಆದ್ರೆ ಆಕಾರ ನಿಜವಾದ ಪಟ್ಟಿಗಳ ಥರಾನೇ ಇದೆ. 40 ವರ್ಷಕ್ಕೆ 250 ಘನ ಮೀಟರ್. 50ಕ್ಕೆ 375. 60ಕ್ಕೆ 490. 70ಕ್ಕೆ 590. 80ಕ್ಕೆ 675. 90ಕ್ಕೆ 745. ಗ್ರಾಫ್ ಹಾಕಿದ್ರೆ ಎಳೆದ ಇಂಗ್ಲಿಷ್ ‘ಎಸ್’ ಅಕ್ಷರ. ಮೊದಲು ಆಮೆ, ನಡುವೆ ಓಟ, ಕೊನೆಗೆ ಮತ್ತೆ ಆಮೆ. 1959ರಲ್ಲಿ ಸಸ್ಯವಿಜ್ಞಾನಿ ರಿಚರ್ಡ್ಸ್ ಇದಕ್ಕೊಂದು ಸಮೀಕರಣ ಕೊಟ್ಟ. ಅದರಲ್ಲಿ ಮೂರೇ ಅಂಕಿ: ಮರ ಕೊನೆಗೆ ಎಷ್ಟು ದೂರ ಹೋಗಬಲ್ಲದು, ಎಷ್ಟು ಬೇಗ ಹೋಗುತ್ತೆ, ಬಾಗು ಎಲ್ಲಿ. ಪ್ರಪಂಚದ ಅರ್ಧಕ್ಕರ್ಧ ಅರಣ್ಯ ಸಾಫ್ಟ್‌ವೇರ್‌ಗಳಲ್ಲಿ ಅದರ ಯಾವುದೋ ಒಂದು ರೂಪ ಕೂತಿದೆ ಅಂದ್ರೆ ಅತಿಶಯೋಕ್ತಿ ಆಗಲಾರದು.

ಅತಿ ಹೆಚ್ಚು ಮರ ಬೇಕು ಅಂದ್ರೆ ಯಾವಾಗ ಕಡಿಯಬೇಕು? ಬ್ಯಾಟಿಂಗ್ ಸರಾಸರಿ ನೆನಪಿಸಿಕೊಳ್ಳಿ. ಇವತ್ತಿನ ಸ್ಕೋರು ನಿಮ್ಮ ಸರಾಸರಿಗಿಂತ ಜಾಸ್ತಿ ಇರೋವರೆಗೂ ಸರಾಸರಿ ಏರ್ತಾ ಇರುತ್ತೆ. ಕಡಿಮೆ ಆದ ದಿನ ಇಳಿಯೋಕೆ ಶುರು. ನಮ್ಮ ತೋಪಿನಲ್ಲಿ 70ರಿಂದ 80ರ ನಡುವೆ ವರ್ಷಕ್ಕೆ 8.5 ಘನ ಮೀಟರ್ ಬೆಳೆಯುತ್ತೆ, 80ರ ಹೊತ್ತಿಗೆ ಸರಾಸರಿ 8.4. ಆಮೇಲಿನ ಹತ್ತು ವರ್ಷ ವರ್ಷಕ್ಕೆ 7 ಮಾತ್ರ. ಹಾಗಾದ್ರೆ 80ರ ಸುಮಾರಿಗೆ ಕಡಿದು ಮತ್ತೆ ನೆಡ್ತಾ ಇದ್ರೆ ಆ ನೆಲದಿಂದ ಅತಿ ಹೆಚ್ಚು ನಾಟಾ ಬರುತ್ತೆ. ಅರಣ್ಯಾಧಿಕಾರಿಯ ಉತ್ತರ: 80.

ಆದ್ರೆ ಅಕೌಂಟೆಂಟ್ ಬೇರೆ ಥರ ನೋಡ್ತಾನೆ. 40ರಿಂದ 50ಕ್ಕೆ 250 ಇದ್ದದ್ದು 375 ಆಯ್ತು. ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇ. 4.1. ಮುಂದಿನ ಹತ್ತು ವರ್ಷ ಶೇ. 2.7. ಅದರ ಮುಂದೆ ಶೇ. 1.9. 70ರಿಂದ 80ಕ್ಕೆ ಶೇ. 1.4 ಅಷ್ಟೇ. ಅಂದ್ರೆ ಮರ ಒಂದು ಎಫ್‌ಡಿ. ವರ್ಷ ಕಳೆದ ಹಾಗೆ ಅದರ ಬಡ್ಡಿ ಇಳೀತಾ ಹೋಗೋ ಎಫ್‌ಡಿ. ಸ್ಯಾಕ್ಸನಿಯ ಥಾರಾಂಟ್ ಅರಣ್ಯ ಅಕಾಡೆಮಿಯಲ್ಲಿ ಪಾಠ ಹೇಳ್ತಿದ್ದ ಮಾಕ್ಸ್ ರಾಬರ್ಟ್ ಪ್ರೆಸ್ಲರ್ ಇದೇ ಮಾತನ್ನ 1858ರಲ್ಲೇ ಹೇಳಿದ್ದ. ಅಷ್ಟಕ್ಕೇ ಬಿಡದೆ, ಮರವನ್ನು ಕಡಿಯದೇ ಅದರ ‘ಬಡ್ಡಿ’ ನೋಡೋಕೆ ಒಂದು ಟೊಳ್ಳು ಬೈರಿಗೆ ಕಂಡುಹಿಡಿದ. ಕಾಂಡಕ್ಕೆ ತಿರುಗಿಸಿದ್ರೆ ಪೆನ್ಸಿಲ್‌ನಂಥ ಒಂದು ಕಡ್ಡಿ ಈಚೆ ಬರುತ್ತೆ, ಉಂಗುರ ಎಣಿಸಬಹುದು. ಆ ಬೈರಿಗೆಯನ್ನು ಹವಾಮಾನ ವಿಜ್ಞಾನಿಗಳು ಇವತ್ತಿಗೂ ಹೆಗಲಿಗೇರಿಸಿಕೊಂಡು ಬೆಟ್ಟ ಹತ್ತುತ್ತಾರೆ.

ಸಂಪೂರ್ಣ ಸೂತ್ರ ಮಾತ್ರ ಅದಕ್ಕಿಂತ ಹಳೇದು. 1849, ಮಾರ್ಟಿನ್ ಫೌಸ್ಟ್‌ಮನ್. ಒಂದು ಅರಣ್ಯ ಪತ್ರಿಕೆಯಲ್ಲಿ ಬಂದ ಲೇಖನ. ಆಗ ಅವನಿಗೆ ಸುಮಾರು 27 ವರ್ಷ, ನನ್ನ ವಯಸ್ಸಿನ ಆಸುಪಾಸು (ಇದನ್ನ ಯೋಚಿಸಿದ್ರೆ ಸ್ವಲ್ಪ ಬೇಜಾರಾಗುತ್ತೆ). ಅವನು ಹೇಳಿದ್ದು ಇಷ್ಟು. ಮರ ಬೆಳೆಯೋದನ್ನ ಕಾಯುವಾಗ ನೀವು ಬರೀ ದುಡ್ಡಿನ ಬಡ್ಡಿ ಕಳ್ಕೊಳ್ತಿಲ್ಲ, ಆ ಜಾಗವನ್ನೂ ಕಾಯಿಸ್ತಿದ್ದೀರಿ. ಹಳೇ ಮರ ಜಾಗ ಬಿಟ್ರೆ ಹೊಸ ಸಸಿ ಅಲ್ಲಿ ಓಟ ಶುರು ಮಾಡ್ತಿತ್ತು. ಹಾಗಾಗಿ ಒಂದು ಕೊಯ್ಲಲ್ಲ, ಕೊನೆಯಿಲ್ಲದ ಕೊಯ್ಲುಗಳ ಸಾಲನ್ನೇ ಇವತ್ತಿನ ಬೆಲೆಗೆ ಇಳಿಸಿ ಲೆಕ್ಕ ಹಾಕಿ. ಯಾವ ವಯಸ್ಸಿಗೆ ಕಡಿದ್ರೆ ಬರಿ ನೆಲದ ಬೆಲೆ ಅತಿ ಹೆಚ್ಚು ಬರುತ್ತೋ ಅದೇ ಸರಿಯಾದ ವಯಸ್ಸು. ಇದು ಎಷ್ಟು ಸೂಕ್ಷ್ಮ ಅಂದ್ರೆ, ಬಡ್ಡಿ ಸಿದ್ಧಾಂತದ ದೊಡ್ಡ ಹೆಸರು ಅರ್ವಿಂಗ್ ಫಿಶರ್ ಕೂಡ ಒಂದೇ ಕೊಯ್ಲಿನ ಲೆಕ್ಕ ಹಾಕಿ ನೆಲದ ಬಾಡಿಗೆ ಬಿಟ್ಟುಬಿಟ್ಟಿದ್ದ. 1976ರಲ್ಲಿ ನೊಬೆಲ್ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ ಪ್ರಬಂಧ ಬರೆದು, ಅರ್ಥಶಾಸ್ತ್ರದ ಘಟಾನುಘಟಿಗಳು ತಪ್ಪಿದ್ದಲ್ಲಿ ಆ ಜರ್ಮನ್ ಫಾರೆಸ್ಟರ್ ಸರಿಯಾಗಿದ್ದ ಅಂತ ತೀರ್ಪು ಕೊಟ್ಟರು.

ಹಾಕೇ ಬಿಡೋಣ ಲೆಕ್ಕ. ನಿಂತ ಮರಕ್ಕೆ ಘನ ಮೀಟರಿಗೆ 5,000 ರೂಪಾಯಿ, ನೆಡೋ ಖರ್ಚು ಹೆಕ್ಟೇರಿಗೆ ಒಂದೂವರೆ ಲಕ್ಷ ಅಂತ ಇಟ್ಕೊಳ್ಳಿ. ಬಡ್ಡಿ ಶೇ. 1 ಆದ್ರೆ, 60 ದಾಟಿದ ಮೇಲೆ ಕಡಿಯೋದು ಲಾಭ. ಶೇ. 3 ಆದ್ರೆ 50ರ ಸುಮಾರಿಗೆ, ಆಗ ನೆಲದ ಬೆಲೆ ಹೆಕ್ಟೇರಿಗೆ 3.6 ಲಕ್ಷ. 80 ವರ್ಷ ಕಾದ್ರೆ ಅದೇ ಬಡ್ಡಿಯಲ್ಲಿ ನೆಲದ ಬೆಲೆ 1.8 ಲಕ್ಷಕ್ಕೆ, ಅಂದ್ರೆ ಅರ್ಧಕ್ಕೆ ಬೀಳುತ್ತೆ. ಈಗ ನಮ್ಮ ಎಫ್‌ಡಿ ಥರ ಶೇ. 6 ಹಾಕಿ ನೋಡಿ. 30, 40, 50, ಯಾವ ವಯಸ್ಸು ಹಾಕಿದ್ರೂ ಉತ್ತರ ಮೈನಸ್. ಸೂತ್ರ ಹೇಳ್ತಿರೋದು: ಮರ ನೆಡಲೇಬೇಡಿ.

ನೋಡಿ, ಮಣ್ಣು ಬದಲಾಗಿಲ್ಲ, ಮಳೆ ಬದಲಾಗಿಲ್ಲ, ಮರದ ಜಾತಿ ಬದಲಾಗಿಲ್ಲ. ಒಂದು ಶೇಕಡಾವಾರು ಅಂಕಿ ಬದಲಾದ್ದಕ್ಕೆ ಕಾಡಿನ ವಯಸ್ಸು ಬದಲಾಯ್ತು, ಆಮೇಲೆ ಕಾಡೇ ಇಲ್ಲದಂತಾಯ್ತು. ಆ ಅಂಕಿಯನ್ನ ಅಳೆಯೋಕೆ ಯಾವ ಬೈರಿಗೆಯೂ ಇಲ್ಲ. ಯಾರೋ ಆರಿಸ್ತಾರೆ. 19ನೇ ಶತಮಾನದ ಜರ್ಮನಿಯಲ್ಲಿ ಇದರ ಮೇಲೆ ದಶಕಗಟ್ಟಲೆ ಜಗಳ ನಡೀತು. ಒಂದು ಬಣ ಪ್ರೆಸ್ಲರ್ ಹಿಂದೆ, ನೆಲಕ್ಕೆ ಬಡ್ಡಿ ಬರಲೇಬೇಕು ಅಂತ. ಇನ್ನೊಂದು ಬಣ, ಕಾಡು ಸರ್ಕಾರದ ಆಸ್ತಿ, ವರ್ಷದ ಆದಾಯ ನೋಡಿ ಸಾಕು, ಹಾಕಿದ ಬಂಡವಾಳಕ್ಕೆ ಬಡ್ಡಿ ಕೇಳಬೇಡಿ ಅಂತ. ಸ್ಯಾಕ್ಸನಿ ಮೊದಲ ಬಣದ ಕಡೆ ವಾಲಿತು. ಬೇಗ ಬೆಳೆಯೋದು, ನೇರ ಬೆಳೆಯೋದು, ಮಾರೋಕೆ ಸುಲಭ ಯಾವುದು? ಸ್ಪ್ರೂಸ್. ಬೀಚ್, ಓಕ್ ಮರಗಳಿದ್ದ ಕೆಳಗಿನ ಪ್ರದೇಶಗಳಿಗೂ ಸಾಲುಸಾಲಾಗಿ ಸ್ಪ್ರೂಸ್ ಇಳಿಯಿತು. ಮೂಲತಃ ಅದು ತಂಪಾದ ಬೆಟ್ಟದ ಮರ. 1923ರಲ್ಲೇ ವೀಡೆಮನ್ ಅನ್ನೋ ಸಂಶೋಧಕ ಸ್ಯಾಕ್ಸನಿಯ ಸ್ಪ್ರೂಸ್ ತೋಪುಗಳಲ್ಲಿ ಬೆಳವಣಿಗೆ ಕುಂಟುತ್ತಿದೆ ಅಂತ ಬರೆದ. ಕಾರಣಗಳ ಬಗ್ಗೆ ವಾದ ನಡೀತು. ಸ್ಪ್ರೂಸ್ ನೆಡೋದು ಮಾತ್ರ ನಿಲ್ಲಲಿಲ್ಲ.

ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ತಲೆ ಕೆಡಿಸಿದ್ದು ಬಡ್ಡಿಗಿಂತ ಆ ಇಳುವರಿ ಪಟ್ಟಿ. ಅದರಲ್ಲಿ ಯಾವ ತೋಪುಗಳ ಅಂಕಿ ಇತ್ತು? ಒಂದೇ ವಯಸ್ಸಿನ, ತುಂಬಿದ, ಏನೂ ಹಾನಿ ಆಗದ ತೋಪುಗಳದ್ದು. ಗಾಳಿಗೆ ಬಿದ್ದದ್ದು, ಹುಳ ತಿಂದದ್ದು ‘ಮಾದರಿ’ ತೋಪು ಅಲ್ಲ ಅಂತ ಲೆಕ್ಕದಿಂದ ಹೊರಗೆ. ಮ್ಯೂಚುವಲ್ ಫಂಡ್ ನೋಡೋರಿಗೆ ಇದು ಗೊತ್ತಿರೋ ಕಥೆ. ಮುಚ್ಚಿಹೋದ ಫಂಡ್‌ಗಳನ್ನ ತೆಗೆದುಹಾಕಿ, ಬದುಕಿದ್ದವುಗಳ ಸರಾಸರಿ ತೋರಿಸಿದ್ರೆ ರಿಟರ್ನ್ ಯಾವಾಗಲೂ ಚೆನ್ನಾಗೇ ಕಾಣುತ್ತೆ. 80 ವರ್ಷಕ್ಕೆ 675 ಘನ ಮೀಟರ್ ಅಂತ ಪಟ್ಟಿ ಹೇಳುತ್ತಲ್ಲ, ಅದರ ಜೊತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರಬೇಕಿತ್ತು: 80 ವರ್ಷ ಬದುಕಿದ್ರೆ. ಇನ್ನೊಂದು ಸಾಲೂ ಬೇಕಿತ್ತು: ಮುಂದಿನ 80 ವರ್ಷದ ಹವೆ ಹಿಂದಿನ 80ರ ಥರಾನೇ ಇದ್ರೆ.

ಎರಡನೇದು ಹೇಗೆ ಕೈಕೊಟ್ಟಿತು ನೋಡಿ. 2014ರಲ್ಲಿ ಮ್ಯೂನಿಕ್‌ನ ಹಾನ್ಸ್ ಪ್ರೆಟ್ಸ್ ಮತ್ತು ಸಂಗಡಿಗರು ಆ ನೂರೈವತ್ತು ವರ್ಷದ ಪ್ಲಾಟುಗಳ ಅಂಕಿಗಳನ್ನೇ ತೆಗೆದು ಒಂದು ಪ್ರಬಂಧ ಪ್ರಕಟಿಸಿದರು. ಮಧ್ಯ ಯುರೋಪಿನ ಸ್ಪ್ರೂಸ್, ಬೀಚ್ ತೋಪುಗಳು ನಿಧಾನ ಆಗಿರಲಿಲ್ಲ. ಉಲ್ಟಾ. 1960ಕ್ಕೆ ಹೋಲಿಸಿದ್ರೆ ತೋಪಿನ ನಾಟಾ ಬೆಳವಣಿಗೆ ಶೇ. 10ರಿಂದ 30ರಷ್ಟು ಹೆಚ್ಚಾಗಿತ್ತು. ಏರಿದ ತಾಪಮಾನ, ಉದ್ದವಾದ ಬೆಳೆಯುವ ಋತು ಮುಖ್ಯ ಕಾರಣ, ಗಾಳಿಯಲ್ಲಿನ ಇಂಗಾಲ ಮತ್ತು ಸಾರಜನಕವೂ ಸೇರಿರಬಹುದು ಅಂದರು. ಅಂದ್ರೆ ಹಳೇ ಪಟ್ಟಿ ಕಡಿಮೆ ತೋರಿಸ್ತಿತ್ತು! ಜಮೀನುದಾರನಿಗೆ ಖುಷಿಯ ಸುದ್ದಿ. ಆದ್ರೆ ಅದೇ ತಂಡ 2018ರಲ್ಲಿ ಇನ್ನೊಂದು ಮಾತು ಸೇರಿಸಿತು: ಮರ ಬೇಗ ಬೆಳೆದರೂ ಅದರ ಸಾಂದ್ರತೆ 1900ರಿಂದ ಈಚೆಗೆ ಶೇ. 8ರಿಂದ 12ರಷ್ಟು ಇಳಿದಿದೆ. ಘನ ಮೀಟರ್ ಜಾಸ್ತಿ, ತೂಕ ಅಷ್ಟು ಜಾಸ್ತಿ ಇಲ್ಲ.

ಅದೇ 2018ರಲ್ಲಿ ಬರ ಬಂತು. 2019ರಲ್ಲಿ ಮತ್ತೆ, 2020ರಲ್ಲಿ ಮತ್ತೆ. ಸ್ಪ್ರೂಸ್‌ನ ಬೇರು ಆಳಕ್ಕೆ ಹೋಗಲ್ಲ. ತೊಗಟೆ ಕೊರೆಯೋ ದುಂಬಿ, ಐದು ಮಿಲಿಮೀಟರ್ ಇದ್ರೆ ಹೆಚ್ಚು, ಯಾವಾಗಲೂ ಕಾಡಿನಲ್ಲಿರುತ್ತೆ. ಆರೋಗ್ಯವಾದ ಮರ ಅಂಟು ಸುರಿಸಿ ಅದನ್ನ ಮುಳುಗಿಸಿಬಿಡುತ್ತೆ. ನೀರಿಲ್ಲದ ಮರಕ್ಕೆ ಅಂಟು ಎಲ್ಲಿಂದ ಬರಬೇಕು? ಒಳಹೊಕ್ಕ ದುಂಬಿ ವಾಸನೆ ಬಿಟ್ಟು ಬಳಗವನ್ನೆಲ್ಲ ಕರೆಯುತ್ತೆ. ಬೆಚ್ಚಗಿನ ವರ್ಷದಲ್ಲಿ ಒಂದರ ಬದಲು ಎರಡು, ಮೂರು ತಲೆಮಾರು. ಮುಂದಿನ ತಲೆಮಾರು ಹಾರೋದರೊಳಗೆ ಮರ ಕಡಿದು ಕಾಡಿನಿಂದ ಸಾಗಿಸಬೇಕು, ಇಲ್ದಿದ್ರೆ ಪಕ್ಕದ ತೋಪೂ ಹೋಯ್ತು. ಎಲ್ಲರೂ ಒಟ್ಟಿಗೆ ಕಡಿದ್ರೆ ಮಾರುಕಟ್ಟೆಯಲ್ಲಿ ಬೆಲೆ ಏನಾಗುತ್ತೆ ಅಂತ ಟೊಮೆಟೊ ಬೆಳೆಗಾರರನ್ನ ಕೇಳಿ. ಸಾಲದ್ದಕ್ಕೆ ದುಂಬಿ ಜೊತೆ ಬರೋ ಶಿಲೀಂಧ್ರದಿಂದ ದಿಮ್ಮಿ ನೀಲಿಗಟ್ಟಿ ದರ್ಜೆ ಇಳಿಯುತ್ತೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದ ಪ್ರಕಾರ, 2018ರ ಜನವರಿಯಿಂದ 2021ರ ಏಪ್ರಿಲ್‌ವರೆಗೆ ಸುಮಾರು 5 ಲಕ್ಷ ಹೆಕ್ಟೇರ್‌ನಲ್ಲಿ ಮರ ಹೋಯ್ತು. ಇಡೀ ಕೊಡಗು ಜಿಲ್ಲೆಗಿಂತ ದೊಡ್ಡ ಜಾಗ. 2024ರಲ್ಲಿ ಹೊರಬಂದ ಅಲ್ಲಿಯ ಅರಣ್ಯ ಗಣತಿಯ ಪ್ರಕಾರ 2017ರ ನಂತರ ಜರ್ಮನಿಯ ಕಾಡುಗಳು ಹೀರಿದ್ದಕ್ಕಿಂತ ಹೆಚ್ಚು ಇಂಗಾಲ ಕಳೆದುಕೊಂಡಿವೆ.

ಬೇಗ ಬೆಳೆದ ಮರ, ಬೇಗ ಸತ್ತ ಮರ, ಎರಡೂ ಒಂದೇ ತೋಪಿನಲ್ಲಿ. ಬೆಳವಣಿಗೆಯ ಮಾದರಿ ಮೊದಲನೇದನ್ನ ಹಿಡಿಯಿತು. ಎರಡನೇದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ರಿಸ್ಕ್ ಅನ್ನೋದನ್ನ ಸೂತ್ರದೊಳಗೆ ತರೋಕೆ ಆಗಲ್ವಾ? ಆಗುತ್ತೆ. 1984ರಲ್ಲಿ ವಿಲಿಯಂ ರೀಡ್ ಕಾಡ್ಗಿಚ್ಚಿನ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಸುಂದರವಾದ ಫಲಿತಾಂಶ ಇದೆ. ವರ್ಷಕ್ಕೆ ಶೇ. 2ರಷ್ಟು ತೋಪು ಪೂರ್ತಿ ನಾಶ ಆಗೋ ಸಂಭವ ಇದ್ರೆ, ಕಡಿಯೋ ವಯಸ್ಸು ಲೆಕ್ಕ ಹಾಕುವಾಗ ಬಡ್ಡಿ ದರಕ್ಕೆ ಸುಮ್ಮನೆ ಆ 2ನ್ನ ಕೂಡಿಸಿ. 3 ಇದ್ದದ್ದು 5. ನಮ್ಮ ಹೆಕ್ಟೇರಿಗೆ ಹಾಕಿದ್ರೆ ಕೊಯ್ಲಿನ ವಯಸ್ಸು 50ರಿಂದ 40ರ ಆಸುಪಾಸಿಗೆ ಇಳಿಯುತ್ತೆ, 3.6 ಲಕ್ಷ ಇದ್ದ ನೆಲದ ಬೆಲೆ ಅರ್ಧ ಲಕ್ಷಕ್ಕೆ ಬರುತ್ತೆ. ಐದು ಮಿಲಿಮೀಟರ್ ದುಂಬಿ ಬ್ಯಾಲೆನ್ಸ್ ಶೀಟಿನಲ್ಲಿ ಕಾಣಿಸೋದು ಹೀಗೆ, ಬಡ್ಡಿ ದರದ ವೇಷದಲ್ಲಿ. ತೊಡಕು ಏನಂದ್ರೆ ರೀಡ್ ಲೆಕ್ಕದಲ್ಲಿ ಆ 2 ವರ್ಷವರ್ಷವೂ ಒಂದೇ. ನಿಜವಾದ ಕಾಡಿನಲ್ಲಿ ಅದು ಹತ್ತಾರು ವರ್ಷ ಸೊನ್ನೆಯ ಹತ್ರ ಇದ್ದು, ಮೂರು ಬರದಲ್ಲಿ ಒಮ್ಮೆಗೇ ಜಿಗಿಯುತ್ತೆ. ಪಕ್ಕದವನ ತೋಪು ಸತ್ರೆ ನಿಮ್ಮದರ ಸಂಭವವೂ ಏರುತ್ತೆ. ಸಾಲ ಕೊಟ್ಟ ಬ್ಯಾಂಕುಗಳು 2008ರಲ್ಲಿ ಕಲಿತ ಪಾಠ ಇದು.

ಹೊಸ ಮಾದರಿಗಳು ಪಟ್ಟಿಯನ್ನ ಬಿಟ್ಟು ಮರದ ಒಳಗಿನಿಂದ ಶುರು ಮಾಡ್ತವೆ. 1997ರಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ವೇರಿಂಗ್ ಮಾಡಿದ ‘3-ಪಿಜಿ’ ಅನ್ನೋದು ಹೆಸರುವಾಸಿ. ಎಷ್ಟು ಬಿಸಿಲು ಬಿತ್ತು, ಎಲೆ ಎಷ್ಟು ಹೀರಿತು, ಮಣ್ಣಲ್ಲಿ ನೀರೆಷ್ಟಿದೆ, ಬಂದ ಆಹಾರದಲ್ಲಿ ಬೇರಿಗೆಷ್ಟು, ಕಾಂಡಕ್ಕೆಷ್ಟು ಅಂತ ತಿಂಗಳು ತಿಂಗಳು ಲೆಕ್ಕ. ಮಳೆ ಕಡಿಮೆ ಮಾಡಿ ನೋಡಬಹುದು, ಬಿಸಿಲು ಏರಿಸಿ ನೋಡಬಹುದು. ಪ್ರೆಟ್ಸ್ ತಂಡದ ‘ಸಿಲ್ವಾ’ ತೋಪಿನ ಪ್ರತಿ ಮರವನ್ನೂ ಬೇರೆಬೇರೆಯಾಗಿ, ಅಕ್ಕಪಕ್ಕದ ಮರಗಳ ಪೈಪೋಟಿ ಸಮೇತ ಬೆಳೆಸುತ್ತೆ, ಹಾಗಾಗಿ ಸ್ಪ್ರೂಸ್ ಜೊತೆ ಬೀಚ್ ಬೆರೆಸಿದ್ರೆ ಏನಾಗುತ್ತೆ ಅಂತ ಕೇಳಬಹುದು. ಹಳೇ ಪಟ್ಟಿಗೆ ಈ ಪ್ರಶ್ನೆ ಕೇಳೋಕೇ ಆಗ್ತಿರಲಿಲ್ಲ. ಇವಕ್ಕೂ ಮಿತಿ ಇದೆ. ಸಾವನ್ನ, ಅದರಲ್ಲೂ ಗುಂಪು ಸಾವನ್ನ ಹಿಡಿಯೋದು ಬೆಳವಣಿಗೆ ಹಿಡಿಯೋದಕ್ಕಿಂತ ಬಹಳ ಕಷ್ಟ.

‘ನಮಗ್ಯಾಕೆ ಜರ್ಮನಿ?’ ಅಂತ ಕೇಳೋರಿಗೆ ಎರಡು ಮಾತು. ಒಂದು, ನಮ್ಮ ಅರಣ್ಯ ಇಲಾಖೆಯ ಹುಟ್ಟಿನಲ್ಲೇ ಈ ಪಾಠ ಇದೆ. 1864ರಲ್ಲಿ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾಗಿ ಬಂದ ಡೀಟ್ರಿಖ್ ಬ್ರಾಂಡಿಸ್ ಜರ್ಮನ್. ಅವನ ನಂತರದ ಷ್ಲಿಕ್, ರಿಬ್ಬೆನ್‌ಟ್ರಾಪ್ ಇಬ್ಬರೂ ಜರ್ಮನ್ನರೇ. ಇಲಾಖೆಯ ಕಡತಗಳಲ್ಲಿ ಇವತ್ತಿಗೂ ಓಡಾಡೋ ‘ವರ್ಕಿಂಗ್ ಪ್ಲಾನ್’ ಅನ್ನೋದರ ಹಿಂದೆ ಅದೇ ಅಳತೆಯ ಸಂಸ್ಕೃತಿ ಇದೆ. ಎರಡು, ಕಾರ್ಬನ್ ಕ್ರೆಡಿಟ್. ‘ಈ ಜಾಗದಲ್ಲಿ ಮರ ನೆಟ್ರೆ 30 ವರ್ಷದಲ್ಲಿ ಇಷ್ಟು ಟನ್ ಇಂಗಾಲ’ ಅಂತ ಯಾರಾದ್ರೂ ನಿಮ್ಮ ಮುಂದೆ ಪಿಪಿಟಿ ತೆರೆದ್ರೆ, ಅದರ ಹೊಟ್ಟೆಯೊಳಗೂ ಒಂದು ಬೆಳವಣಿಗೆಯ ಗ್ರಾಫ್ ಕೂತಿರುತ್ತೆ. ಜಮೀನಿನ ಅಗ್ರಿಮೆಂಟಿಗೆ ಸಹಿ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆಗಳು ಅವೇ. ಆ ಅಂಕಿ ಯಾವ ತೋಪುಗಳಿಂದ ಬಂತು? ಸತ್ತವನ್ನ ಲೆಕ್ಕಕ್ಕೆ ತಗೊಂಡಿದ್ದೀರಾ? ಮಧ್ಯದಲ್ಲಿ ಬೆಂಕಿ ಬಿದ್ರೆ ನಷ್ಟ ಯಾರ ಖಾತೆಗೆ?

ಜರ್ಮನಿಯಲ್ಲಿ ಈಗ ಏನಾಗ್ತಿದೆ ಅಂದ್ರೆ, ಸತ್ತ ಸ್ಪ್ರೂಸ್ ಜಾಗದಲ್ಲಿ ಬೀಚ್, ಓಕ್, ಅಮೆರಿಕ ಮೂಲದ ಡಗ್ಲಸ್ ಫರ್ ಎಲ್ಲ ಬೆರೆಸಿ ನೆಡ್ತಿದ್ದಾರೆ, ಕೆಲವು ಕಡೆ ತಾನಾಗೇ ಬರಲಿ ಅಂತ ಬಿಟ್ಟಿದ್ದಾರೆ. ಓಕ್ ದಿಮ್ಮಿ ಸಾಮಿಲ್‌ಗೆ ಬರೋಕೆ ನೂರು ವರ್ಷಕ್ಕೂ ಹೆಚ್ಚು ಬೇಕು. ಫೌಸ್ಟ್‌ಮನ್ ಸೂತ್ರಕ್ಕೆ ಓಕ್ ಹಾಕಿ, ಶೇ. 3 ಬಡ್ಡಿ ಕೊಟ್ಟು ನೋಡಿ, ಏನು ಬರುತ್ತೆ ಅಂತ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಮಾಡಿದೋರು ಉತ್ತರ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.